ಅಳದ ಓಣಿ

ಹುಬ್ಬಳ್ಳಿಯ ಜಿನ್ನಿಂಗ್ ಓಣಿಯಲ್ಲಿ, ಆಟೋ ನಿಲ್ದಾಣದ ಎದುರಿಗೆ, ಒಂದು ವಿದ್ಯುತ್ ಫಲಕವಿತ್ತು. ಬೇರೆ ಕಡೆ ಇಂಥ ಫಲಕಗಳು ಗಾಳಿಯ ಮಾಲಿನ್ಯವನ್ನೋ ಚಿನ್ನದ ದರವನ್ನೋ ತೋರಿಸುತ್ತವೆ. ಇದು ಮಕ್ಕಳ ನೆಮ್ಮದಿಯನ್ನು ತೋರಿಸುತ್ತಿತ್ತು. ಓಣಿಯಲ್ಲಿ ಹಗಲು ಹೊತ್ತು ಕೂಸುಗಳನ್ನು ಬಿಟ್ಟುಹೋಗಲು ಐದು ಜಾಗಗಳಿದ್ದವು. ಐದರ ಹೆಸರೂ, ಪ್ರತಿ ಹೆಸರಿನ ಮುಂದೆ ನೂರಕ್ಕೆ ಇಷ್ಟು ಎಂಬ ಅಂಕವೂ ಅಲ್ಲಿ ಮಿನುಗುತ್ತಿದ್ದವು. ಎಲ್ಲಕ್ಕಿಂತ ಮೇಲೆ ಹೂಬಿಸಿಲು ಪ್ಲೇಸ್ಕೂಲ್, ತೊಂಬತ್ತೇಳು. ಎಲ್ಲಕ್ಕಿಂತ ಕೆಳಗೆ ಪಾರವ್ವನ ಮನೆ, ನಲವತ್ತೊಂದು.

ಹತ್ತಿ ಗಿರಣಿ ಮುಚ್ಚಿ ಅದರ ಜಾಗದಲ್ಲಿ ಅಪಾರ್ಟ್‌ಮೆಂಟ್‌ಗಳು ಎದ್ದ ಮೇಲೆ ಅಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಹೆಚ್ಚಾಗಿದ್ದವು. ಕೂಸನ್ನು ಎಲ್ಲಿ ಬಿಡಬೇಕೆಂಬ ಮಾತು ಮೊದಲೆಲ್ಲ ತರಕಾರಿ ಗಾಡಿಯ ಮುಂದೆ ಮುಗಿಯುತ್ತಲೇ ಇರಲಿಲ್ಲ. ಅಲ್ಲಿ ಹಾಲು ಕೊಡುತ್ತಾರೆ, ಇಲ್ಲಿ ಇಂಗ್ಲಿಷ್ ಹಾಡು ಕಲಿಸುತ್ತಾರೆ, ಒಂದು ಕಡೆ ಅಂಗಳ ದೊಡ್ಡದು, ಇನ್ನೊಂದು ಕಡೆ ಆಯಾ ಗದರುತ್ತಾಳಂತೆ. ಫಲಕ ಬಂದ ಮೇಲೆ ಈ ಚರ್ಚೆ ನಿಂತಿತು. ಅಂಕ ನೋಡಿದರೆ ಸಾಕಾಗಿತ್ತು.

ಆ ಅಂಕದ ಲೆಕ್ಕ ಕಟ್ಟಿದವರಲ್ಲಿ ಶಾಲ್ಮಲಾ ಹಂಪಿಹೊಳಿ ಒಬ್ಬಳು. ಅಳುವ ಕೂಸನ್ನು ತಟ್ಟಿ ಸುಮ್ಮನಾಗಿಸುವ ಗುಂಡು ಎಂಬ ಯಂತ್ರ ತಯಾರಿಸುವ, ಊರ ಹೊರಗಿನ ಶಮನಿಕಾ ಎಂಬ ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಗಂಡ ಪ್ರಭು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಗಳು ನೀಲಾಂಬಿಕಾಳನ್ನು ಮನೆಯಲ್ಲಿ ನೀಲಿ ಎಂದು ಕರೆಯುತ್ತಿದ್ದರು. ನೀಲಿಗೆ ಒಂದೂವರೆ ವರ್ಷ ತುಂಬಿ, ಶಾಲ್ಮಲಾ ಮತ್ತೆ ಕೆಲಸಕ್ಕೆ ಹೊರಟಾಗ, ಗಂಡ ಹೆಂಡತಿ ಐದೂ ಜಾಗಗಳನ್ನು ನೋಡಿ ಬರಲು ಹೊರಟರು. ಹಾಗೆ ನೋಡಲೇಬೇಕು ಎಂದವನು ಪ್ರಭು.

"ನೀನೇ ಮಾಡಿದ ಲೆಕ್ಕ ಅಂತ ಕಣ್ಣ ಮುಚ್ಚಿ ಬಿಡಾಕ ಆಗೂದಿಲ್ಲ, ಶಾಲೂ. ಎಂಜಿನ್ ರಿಪೇರಿ ಆದ ಮ್ಯಾಲೆ ನಾವೂ ಒಂದ್ಸಲ ಕಿವಿ ಹಚ್ಚಿ ಕೇಳತೀವಿ."

ಪಾರವ್ವನ ಮನೆಗೆ ಕೊನೆಗೆ ಹೋದರು. ಅದು ಗಿರಣಿಯ ಹಳೆಯ ಗೋದಾಮು. ಕಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಎರಡು ಕೂಸುಗಳು ಕಾಲು ಚಾಚಿ ಮಲಗಿದ್ದವು. ಒಳಗೆ ಟಿವಿ ಧಾರಾವಾಹಿಯ ಸದ್ದು, ಕುಕ್ಕರಿನ ಸೀಟಿ, ಅದರ ಮೇಲೆ ನಾಲ್ಕಾರು ಮಕ್ಕಳ ಅಳು. ಐವತ್ತು ದಾಟಿದ ಪಾರವ್ವ ಒಂದು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್ನೊಂದರ ಮೂಗು ಒರೆಸುತ್ತಿದ್ದಳು.

"ಬರ್ರಿ ಬಾಯಾರ, ಒಳಗ ಬರ್ರಿ. ನೀವು ಆ ಗುಂಡಿನ ಕಂಪನಿಯವ್ರಂತ ಅಲ್ರಿ? ನನ್ನ ಅಂಕ ಯಾಕ ಏರವಲ್ದು ಹೇಳ್ರಿ. ಪೆಟ್ಟಿಗಿ ಹಚ್ಚಿ ಹೋಗ್ಯಾರ, ಲೈಟ್ ಹತ್ತತೈತಿ, ಆದ್ರ ಗುಂಡು ತಟ್ಟವಲ್ವು. ಇವೇನ, ದಿನಾ ಅಳೂದ ಅಳೂದು. ನನಗೂ ತಲಿ ಹಿಡದು ಹೋಗೇತಿ."

"ಗೋಡಿ ದಪ್ಪ ಐತ್ರಿ. ಅಳತಿ ತಡಾ ಆಗಿ ಹೊರಗ ಹೋಗತೈತಿ, ತಟ್ಟು ಅನ್ನೂ ಸಿಗ್ನಲ್ ಹೊತ್ತಿಗೆ ಒಳಗ ಬರೂದಿಲ್ಲ," ಎಂದಳು ಶಾಲ್ಮಲಾ.

"ಹಂಗಾರ ಗೋಡಿ ಒಡಸಲೇನ್ರಿ?"

ಅಷ್ಟರಲ್ಲಿ ಪ್ರಭುವಿನ ಹೆಗಲ ಮೇಲಿದ್ದ ನೀಲಿ ಮುಖ ಸಣ್ಣದು ಮಾಡಿ ಅಳತೊಡಗಿದಳು. ಹೊರಗೆ ಬಂದು ಓಣಿಯ ಮೂಲೆ ತಿರುಗುತ್ತಲೇ ಸುಮ್ಮನಾದಳು. ಅಲ್ಲಿಗೆ ತೀರ್ಮಾನವಾಯಿತು. ಮರುದಿನವೇ ಹೂಬಿಸಿಲಿನಲ್ಲಿ ಹೆಸರು ಬರೆಸಿದರು.

*

ಶಮನಿಕಾ ತಯಾರಿಸಿದ್ದ ಗುಂಡು ಹುಣಸೆಬೀಜದಷ್ಟು ದೊಡ್ಡದು. ಅದನ್ನು ಕೂಸಿನ ಉಡದಾರಕ್ಕೆ ಪೋಣಿಸುತ್ತಿದ್ದರು. ಉಡದಾರವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಕೈಗೆ ಕಟ್ಟಿದ್ದನ್ನು ಮಕ್ಕಳು ಕಚ್ಚುತ್ತವೆ, ಕಾಲಿಗೆ ಕಟ್ಟಿದ್ದನ್ನು ಕಿತ್ತೆಸೆಯುತ್ತವೆ. ಸೊಂಟದ ದಾರವನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ. ಸ್ನಾನಕ್ಕೂ ಇಲ್ಲ, ನಿದ್ದೆಗೂ ಇಲ್ಲ. ದಾರ ಹಳೆಯದಾದರೂ ಹೊಸದನ್ನು ಕಟ್ಟಿದ ಮೇಲೆಯೇ ಹಳೆಯದನ್ನು ಕತ್ತರಿಸುತ್ತಾರೆ.

ಗುಂಡು ಕೂಸಿನ ನಾಡಿ, ಉಸಿರು, ಚರ್ಮದ ಬೆವರು, ಅಳುವಿನ ದನಿ ಇವನ್ನು ಅಳೆಯುತ್ತಿತ್ತು. ಅಳತೆ ಕೋಣೆಯ ಪೆಟ್ಟಿಗೆಯ ಮೂಲಕ ಸಂಸ್ಥೆಗೆ ಹೋಗುತ್ತಿತ್ತು. ಕೂಸು ಕಂಗಾಲಾಗುತ್ತಿದೆ ಎಂದು ಕಂಡರೆ ಅಲ್ಲಿಂದ ಅದೇ ಪೆಟ್ಟಿಗೆಯ ಮೂಲಕ ಗುಂಡಿಗೆ ಒಂದು ಸೂಚನೆ ಬರುತ್ತಿತ್ತು. ಆಗ ಗುಂಡು ಹೊಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು. ಮನೆಯಲ್ಲಿ ತಾಯಿಯ ಮೊಬೈಲೇ ಪೆಟ್ಟಿಗೆಯ ಕೆಲಸ ಮಾಡುತ್ತಿತ್ತು. ಔಷಧಿ ಇಲ್ಲ, ಮೈಯೊಳಗೆ ವಿದ್ಯುತ್ ಹರಿಸುವುದಿಲ್ಲ. ತಟ್ಟುವುದು ಅಷ್ಟೇ.

ಆದರೆ ತಟ್ಟು ಯಾರದೋ ಅಲ್ಲ. ಕೂಸು ಮಲಗಿಸುವಾಗ ಪ್ರತಿ ತಾಯಿಯ ಕೈಗೂ ಒಂದು ಲಯವಿರುತ್ತದೆ. ಕೆಲವರು ಒಂದೇ ಸಮ ತಟ್ಟುತ್ತಾರೆ. ಕೆಲವರು ಮೂರು ತಟ್ಟಿ ಒಮ್ಮೆ ಸವರುತ್ತಾರೆ. ಶಾಲ್ಮಲಾಳದು ಎರಡು ಚುರುಕು, ಒಂದು ನಿಧಾನ. ಕೂಸು ಹುಟ್ಟಿದ ತಿಂಗಳೊಳಗೆ ಆ ಲಯವನ್ನು ಮನೆಯಲ್ಲೇ ಮುದ್ರಿಸಿ ಗುಂಡಿಗೆ ತುಂಬುತ್ತಿದ್ದರು. ಆಮೇಲೆ ತಾಯಿ ಎಲ್ಲಿದ್ದರೂ ಅವಳ ಕೈ ಕೂಸಿನ ಜೊತೆಗಿರುತ್ತಿತ್ತು. ಸಂಸ್ಥೆಯ ಜಾಹೀರಾತು ಹೇಳುತ್ತಿದ್ದುದೂ ಇದನ್ನೇ, ಮತ್ತು ಅದು ಸುಳ್ಳಾಗಿರಲಿಲ್ಲ.

ಅಂಕದ ಲೆಕ್ಕವೂ ಸರಳ. ಕೂಸು ಅತ್ತರೆ ಅಂಕ ಬಹಳ ಇಳಿಯುತ್ತದೆ. ಗುಂಡು ತಟ್ಟಬೇಕಾಗಿ ಬಂದರೆ ಒಂದಿಷ್ಟೇ ಇಳಿಯುತ್ತದೆ. ಎರಡೂ ಇಲ್ಲದಿದ್ದರೆ ಪೂರ್ತಿ ಅಂಕ.

ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಊರಿನ ಓಣಿಗಳೆಲ್ಲ ಹಸಿರು ಚುಕ್ಕೆಗಳಾಗಿ ಕಾಣುತ್ತಿದ್ದವು. ಒಂದೊಂದು ಚುಕ್ಕೆಯೂ ಒಂದು ಕೂಸು. ಆಗಾಗ ಯಾವುದೋ ಚುಕ್ಕೆ ಕೆಂಪಾಗಿ, ನೋಡುನೋಡುತ್ತಿದ್ದಂತೆ ಮತ್ತೆ ಹಸಿರಾಗುತ್ತಿತ್ತು. ಸಂಸ್ಥೆಯ ಮುಖ್ಯಸ್ಥ ಡಾ. ರವಳನಾಥ ಪಡಿಯಾರರು ದಿನಕ್ಕೊಮ್ಮೆಯಾದರೂ ಚಹಾ ಲೋಟ ಹಿಡಿದು ಅಲ್ಲಿ ಬಂದು ನಿಲ್ಲುತ್ತಿದ್ದರು.

"ನೋಡಿ ಮಾರಾಯ್ರೆ, ಎಷ್ಟು ಚಂದ ಉಂಟು," ಎನ್ನುತ್ತಿದ್ದರು. "ನನ್ನ ಮೊಮ್ಮಗನಿಗೆ ಹಲ್ಲು ಬರುವಾಗಲೂ ಒಂದು ಸರ್ತಿ ಅಳಲಿಲ್ಲ, ಗೊತ್ತುಂಟಾ?"

ಮನೆಯಲ್ಲೂ ಹಾಗೆಯೇ. ನೀಲಿ ಬಿದ್ದರೆ ಎದ್ದು ಹೊಟ್ಟೆ ಮುಟ್ಟಿಕೊಂಡು ಮುಂದೆ ಹೋಗುತ್ತಿದ್ದಳು. ಹಸಿವಾದರೆ ಅಡುಗೆಮನೆಯ ಬಾಗಿಲಲ್ಲಿ ಬಂದು ಕೂರುತ್ತಿದ್ದಳು. ನೆಂಟರು ಬಂದರೆ, ಎಂಥ ಶ್ಯಾಣ್ಯಾ ಕೂಸವ್ವ, ಅಳೂದ ಗೊತ್ತಿಲ್ಲ ಎಂದು ಗಲ್ಲ ಹಿಂಡುತ್ತಿದ್ದರು. ಪ್ರಭು ಮಾತ್ರ ಒಮ್ಮೆ ನಗುತ್ತ ಹೇಳಿದ್ದ:

"ನಾವು ಕೂಸು ಹಡದೀವೋ, ಮೊಬೈಲ್ ತಂದು ಸೈಲೆಂಟ್‌ನ್ಯಾಗ ಇಟ್ಟೀವೋ?"

"ಅಳೂ ಕೂಸು ಬೇಕಾಗಿತ್ತೇನ್ರಿ ನಿಮಗ? ಪಾರವ್ವನ ಮನ್ಯಾಗ ಬಿಟ್ಟು ಬರ್ರಿ ಹಂಗಾರ," ಎಂದು ಶಾಲ್ಮಲಾ ಸಿಡುಕಿದ್ದಳು.

*

ನೀಲಿಗೆ ಮೂರು ವರ್ಷ ಹತ್ತಿರವಾದ ಒಂದು ಸಂಜೆ ಶಾಲ್ಮಲಾ ಎಂದಿನಂತೆ ಹೂಬಿಸಿಲಿಗೆ ಹೋದಳು. ಅಲ್ಲಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಲತಿಕಾ ಟೀಚರ್. ಮೊದಲು ಅವಳ ಕೈಕೆಳಗೆ ಐದು ಆಯಾಗಳಿದ್ದರು. ಮಕ್ಕಳು ಅಳುವುದು ನಿಂತ ಮೇಲೆ ಐವರಿಗೆ ಕೆಲಸವಿಲ್ಲವೆಂದು ಮಾಲೀಕರು ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಕಳಿಸಿದ್ದರು.

"ನೀಲಿ ಇವತ್ತ ಭಾಳ ಶಾಂತ ಇದ್ಲರಿ, ಮೇಡಂ. ಬ್ಲಾಕ್ಸ್ ಆಡಕೋತ ಒಂದ ಕಡೆ ಕೂತಿದ್ಲು," ಎಂದಳು ಲತಿಕಾ.

ಮನೆಗೆ ಬಂದು ಫ್ರಾಕ್ ಬದಲಿಸುವಾಗ ನೀಲಿಯ ಎಡಗೈ ಬಟ್ಟೆಯ ತೋಳಿನಿಂದ ಈಚೆ ಬರಲಿಲ್ಲ. ಶಾಲ್ಮಲಾ ಬಟ್ಟೆಯನ್ನು ಸ್ವಲ್ಪ ಎಳೆದಳು. ನೀಲಿ ತುಟಿ ಬಿಗಿಹಿಡಿದು ತಾಯಿಯ ಮುಖವನ್ನೇ ನೋಡಿದಳು. ಬಟ್ಟೆ ಕಳಚಿ ನೋಡಿದರೆ ಮುಂಗೈ ಬದನೆಕಾಯಿಯಂತೆ ಊದಿಕೊಂಡು, ಮಣಿಕಟ್ಟಿನ ಮೇಲೆ ಒಂದು ಕಡೆ ಬಾಗಿತ್ತು.

"ರೀ!"

ಪ್ರಭು ಓಡಿ ಬಂದ. ಒಂದು ಕ್ಷಣ ಇಬ್ಬರೂ ಆ ಕೈಯನ್ನು ನೋಡುತ್ತ ನಿಂತರು. ನೀಲಿ ಅವರನ್ನು ನೋಡುತ್ತಿದ್ದಳು. ಅವಳ ಹೊಟ್ಟೆಯ ಮೇಲೆ ಗುಂಡು ತಟ್ಟುತ್ತಿತ್ತು. ಎರಡು ಚುರುಕು, ಒಂದು ನಿಧಾನ.

ಆಸ್ಪತ್ರೆಯಲ್ಲಿ ಡಾ. ಯಾಸ್ಮಿನ್ ಮುಲ್ಲಾ ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದರು. ಮುಂಗೈಯ ಎರಡೂ ಎಲುಬು ಮುರಿದಿದ್ದವು.

"ಯಾವಾಗ ಬಿದ್ದಾಳ?"

"ಗೊತ್ತಿಲ್ರಿ, ಡಾಕ್ಟರ್. ಈಗ ಬಟ್ಟಿ ಬಿಚ್ಚಿದಾಗ ನೋಡಿದ್ವಿ."

"ಈಗ ಮುರದದ್ದಲ್ಲ ಇದು. ಬಾವು ನೋಡ್ರಿ. ಮುಂಜಾನೆನ ಮುರದೈತಿ. ಇಡೀ ದಿನ ಕೂಸು ಚೀರಿಲ್ಲಂದ್ರ ನಾ ನಂಬಬೇಕೇನು?" ಅವರು ಪ್ರಭುವಿನ ಕೈಗಳನ್ನು ನೋಡಿದರು, ಆಮೇಲೆ ಶಾಲ್ಮಲಾಳ ಮುಖವನ್ನು. ಆ ನೋಟದ ಅರ್ಥ ಇಬ್ಬರಿಗೂ ಆಯಿತು. "ಮನ್ಯಾಗ ಏನರ ಆಗೈತಿ ಅಂದ್ರ ಈಗ ಹೇಳಿಬಿಡ್ರಿ. ಹಿಂದ್ಲಿಂದ ಹೇಳಿದ್ರ ಭಾಳ ತ್ರಾಸ ಆಗತೈತಿ."

"ನಾವು ಹೊಡದಿಲ್ರಿ," ಎಂದ ಪ್ರಭು. "ಆಣಿ ಮಾಡಿ ಹೇಳತೀನಿ, ಹೊಡದಿಲ್ರಿ."

ಮುರಿದ ಎಲುಬನ್ನು ಕೂಡಿಸುವ ಮುಂಚೆ ಕೈ ಮರಗಟ್ಟಿಸುವ ಸೂಜಿ ಕೊಡಬೇಕಿತ್ತು. ಇಬ್ಬರು ನರ್ಸ್‌ಗಳು ಕೂಸನ್ನು ಅದುಮಿ ಹಿಡಿಯಲು ಸಿದ್ಧರಾಗಿ ನಿಂತರು. ಹಿಡಿಯುವ ಅಗತ್ಯ ಬೀಳಲಿಲ್ಲ. ಸೂಜಿ ಒಳಗೆ ಹೋದಾಗ ನೀಲಿಯ ಕಣ್ಣಿನಿಂದ ನೀರು ಇಳಿಯಿತು. ಬಾಯಿ ಮುಚ್ಚಿಯೇ ಇತ್ತು. ಡಾಕ್ಟರ್ ಅರ್ಧಕ್ಕೆ ನಿಲ್ಲಿಸಿ ಹಿಂದೆ ಸರಿದರು.

"ಈಕಿ ಮಾತಾಡತಾಳಿಲ್ಲೋ?"

"ಮಾತಾಡತಾಳ್ರಿ. ಹಾಡೂ ಹೇಳತಾಳ," ಎಂದಳು ಶಾಲ್ಮಲಾ.

ಡಾಕ್ಟರ್ ಮತ್ತೆ ಹತ್ತಿರ ಬಂದರು. ಸಣ್ಣ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಅಂಗೈಯ ಕೆಳಗೆ ಏನೋ ತಟ್ಟುತ್ತಿರುವುದು ಅವರಿಗೆ ಗೊತ್ತಾಯಿತು. ಅವರು ಹಾವು ತಗುಲಿದವರಂತೆ ಕೈ ಹಿಂತೆಗೆದರು.

ಆ ಹೊತ್ತಿಗೆ ಶಾಲ್ಮಲಾಳಿಗೆ ಎಲ್ಲ ಅರ್ಥವಾಗಿತ್ತು ಎಂದರೆ ತಪ್ಪಾಗುತ್ತದೆ. ಅವಳಿಗೆ ನೆನಪಾದದ್ದು ಒಂದೇ. ಆ ದಿನ ಮುಂಜಾನೆಯಿಂದ ಅವಳು ನಿಯಂತ್ರಣ ಕೊಠಡಿಯಲ್ಲಿದ್ದಳು. ಕೆಲಸದ ನಡುವೆ ಜಿನ್ನಿಂಗ್ ಓಣಿಯ ಚುಕ್ಕೆಗಳತ್ತ ಎಷ್ಟೋ ಸಲ ಕಣ್ಣು ಹಾಯಿಸಿದ್ದಳು. ಎಲ್ಲವೂ ಹಸಿರಾಗಿದ್ದವು.

*

ಹೂಬಿಸಿಲಿನ ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ಲತಿಕಾಳೇ ತೆಗೆದು ತೋರಿಸಿದಳು. ನೀಲಿ ಜಾರುಬಂಡಿಯ ಮೇಲಿನ ಮೆಟ್ಟಿಲಿಂದ ಪಕ್ಕಕ್ಕೆ ಬಿದ್ದಳು. ಕೈ ಮೈಯ ಕೆಳಗೆ ಸಿಕ್ಕಿತು. ಎದ್ದು ಕುಳಿತಳು. ಸುತ್ತ ನೋಡಿದಳು. ಬಾಯಿ ತೆರೆಯುತ್ತ ಬಂತು. ಅಷ್ಟರಲ್ಲಿ ಹೊಟ್ಟೆಯ ಕಡೆ ನೋಡಿಕೊಂಡು ಬಾಯಿ ಮುಚ್ಚಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ, ಒಂದೇ ಕೈಯಿಂದ ಬ್ಲಾಕ್ ಮೇಲೆ ಬ್ಲಾಕ್ ಇಡತೊಡಗಿದಳು. ಆಯಾ ಅಡುಗೆ ಕೋಣೆಯಲ್ಲಿದ್ದಳು. ಲತಿಕಾ ಬೆನ್ನು ತಿರುಗಿಸಿ ಇನ್ನೊಂದು ಗುಂಪಿಗೆ ಬಣ್ಣ ಕಲಿಸುತ್ತಿದ್ದಳು.

"ಕೂಸು ಅತ್ತಿದ್ರ ನಾ ಓಡಿ ಬರತಿದ್ದೆ, ಮೇಡಂ," ಎಂದು ಲತಿಕಾ ಅತ್ತಳು. "ಅಳಲೇ ಇಲ್ಲಲ್ರಿ. ನಂಗ ಹ್ಯಾಂಗ ಗೊತ್ತಾಗಬೇಕು?"

ಅವಳು ಹೇಳಿದ್ದು ನಿಜವಾಗಿತ್ತು. ಬೈಯಬೇಕೆಂದು ಹೋಗಿದ್ದ ಶಾಲ್ಮಲಾ ಬೈಯದೆ ಹೊರಬಿದ್ದಳು.

ಅಲ್ಲಿಂದ ನೇರವಾಗಿ ಶಮನಿಕಾದ ಪ್ರಯೋಗಾಲಯಕ್ಕೆ ಹೋದಳು. ಪಡಿಯಾರರು ಎಲ್ಲ ಕೇಳಿಸಿಕೊಂಡು ಕುರ್ಚಿಯಲ್ಲಿ ಹಿಂದಕ್ಕೊರಗಿದರು.

"ನೋವು ಕಡಿಮೆ ಆಗಿರಬೇಕಲ್ಲ? ತಟ್ಟಿದರೆ ನಾಡಿ ಇಳಿಯುತ್ತದೆ, ಉಸಿರು ಇಳಿಯುತ್ತದೆ. ನಾವೇ ನೋಡಿದ್ದೇವೆ. ದೊಡ್ಡವರ ಮೇಲೆ ಪರೀಕ್ಷೆಯೂ ಮಾಡಿ ಆಗಿದೆ."

"ಮಾಡೀವಿ, ಸರ್. ನೋವು ಆಯ್ತೇನು ಅಂತ ಅವರನ್ನ ಕೇಳಿದ್ವೇನು?"

ಪಡಿಯಾರರು ಕೇಳಿರಲಿಲ್ಲ. ಧ್ವನಿ ಹಿಡಿಯುವ ಯಂತ್ರಕ್ಕೆ ಅಡ್ಡಿಯಾಗದಿರಲಿ ಎಂದು, ಪರೀಕ್ಷೆಗೆ ಕುಳಿತವರಿಗೆಲ್ಲ ಮಾತಾಡಬೇಡಿ ಎಂದು ಮೊದಲೇ ಹೇಳಿದ್ದರು. ಬಂದವರು ಒಳ್ಳೆಯ ಜನ. ಹೇಳಿದ ಹಾಗೆ ಸುಮ್ಮನೆ ಕುಳಿತಿದ್ದರು. ಸುಮ್ಮನೆ ಕುಳಿತಿದ್ದನ್ನು ಸಂಸ್ಥೆ ಸಮಾಧಾನ ಎಂದು ಎಣಿಸಿತ್ತು.

ಶಾಲ್ಮಲಾ ಒಂದು ಬಕೆಟ್‌ನಲ್ಲಿ ನೀರು ತುಂಬಿಸಿ ಮಂಜುಗಡ್ಡೆ ಹಾಕಿದಳು. ತಡೆಯಲಾಗದಷ್ಟು ನೋವಾದಾಗ ಸಾಕು ಎಂದು ಕೂಗುವುದು, ಕೂಗಿದ ತಕ್ಷಣ ಕೈ ತೆಗೆಯುವುದು ಎಂದು ಮಾತಾಯಿತು. ಮೊದಲು ಗುಂಡಿಲ್ಲದೆ ಕೈ ಮುಳುಗಿಸಿದಳು. ಸ್ವಲ್ಪ ಹೊತ್ತಿಗೆ ಎಲುಬಿನೊಳಗೆ ಮೊಳೆ ಹೊಡೆದಂತಾಗಿ ಸಾಕು ಎಂದು ಚೀರಿದಳು.

ಕೈ ಬೆಚ್ಚಗಾದ ಮೇಲೆ ಗುಂಡು ಕಟ್ಟಿಕೊಂಡಳು. ಅದಕ್ಕೆ ತುಂಬಿದ್ದು ಅವಳ ತಾಯಿಯ ತಟ್ಟು. ಸಂಸ್ಥೆ ಶುರುವಾದಾಗ ಮಾದರಿಗೆಂದು ಗದಗಿನಿಂದ ತಾಯಿಯನ್ನು ಕರೆಸಿ ಮುದ್ರಿಸಿದ್ದಳು. ಮತ್ತೆ ಕೈ ಮುಳುಗಿಸಿದಳು. ನೋವು ಬಂತು. ಮೊದಲಿನಷ್ಟೇ, ಮೊದಲಿನ ಹಾಗೆಯೇ ಬಂತು. ಗುಂಡು ತಟ್ಟತೊಡಗಿತು. ನೋವು ಮಣಿಕಟ್ಟು ದಾಟಿ ಮೊಣಕೈಗೆ ಏರಿತು. ಹೇಳಬೇಕಾದ ಮಾತು ಅವಳಿಗೆ ನೆನಪಿತ್ತು. ಎದುರಿಗೆ ಪಡಿಯಾರರು ಕುಳಿತಿದ್ದುದು ಕಾಣುತ್ತಿತ್ತು. ಹೇಳಬೇಕು ಅನ್ನಿಸಲಿಲ್ಲ. ಯಾರೋ ಬಂದಾಗಿದೆ, ಇನ್ನು ಕೂಗಿ ಕರೆಯುವುದೇಕೆ ಎಂಬಂತೆ ಮೈಯೆಲ್ಲ ಸುಮ್ಮನಾಗಿತ್ತು.

ಪಡಿಯಾರರೇ ಎದ್ದು ಬಂದು ಅವಳ ಕೈಯನ್ನು ನೀರಿನಿಂದ ಹೊರಗೆಳೆದರು. ಬೆರಳುಗಳು ಬೆಳ್ಳಗಾಗಿದ್ದವು.

"ನೀವು ಹೇಳಲೇ ಇಲ್ಲ," ಎಂದರು.

"ನೋವು ಹಂಗ ಇತ್ತು, ಸರ್. ಒಂಚೂರೂ ಕಮ್ಮಿ ಆಗಿದ್ದಿಲ್ಲ." ಅವಳ ಹಲ್ಲು ಕಡಿಯುತ್ತಿತ್ತು. "ಕರೀಬೇಕು ಅನ್ನೂದಷ್ಟ ಹೋತು."

ಪಡಿಯಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊಮ್ಮಗನಿಗೆ ಹಲ್ಲು ಬರುವಾಗ..." ಎಂದರು.

ಗೋಡೆಯ ಮೇಲೆ ಊರು ಹಸಿರಾಗಿತ್ತು. ಒಂದು ಚುಕ್ಕೆ ಕೆಂಪಾಗಿ ಹಸಿರಾಯಿತು. ಮತ್ತೊಂದು ಕೆಂಪಾಗಿ ಹಸಿರಾಯಿತು. ಯಾವುದು ಹಸಿವು, ಯಾವುದು ಜ್ವರ, ಯಾವುದು ಹೆದರಿಕೆ, ಯಾವುದು ಮುರಿದ ಕೈ ಎಂದು ತಿಳಿಯುವ ದಾರಿ ಇರಲಿಲ್ಲ. ಅದನ್ನು ಹೇಳುವ ಒಂದೇ ಯಂತ್ರ ಕೂಸಿನ ಗಂಟಲು. ಅದನ್ನು ಅವರು ನಿಲ್ಲಿಸಿದ್ದರು.

"ಬಂದ್ ಮಾಡ್ರಿ, ಸರ್."

"ಒಮ್ಮೆಲೇ ಹೇಗೆ ಮಾಡ್ಲಿಕ್ಕೆ ಆಗ್ತದೆ? ಎಲ್ಲ ಕಡೆ ಆಯಾಗಳನ್ನು ಕಳಿಸಿ ಆಗಿದೆ. ಊರಿನ ಇಷ್ಟೂ ಮಕ್ಕಳು ಒಟ್ಟಿಗೆ ಕೂಗಿದರೆ ಎತ್ತಿಕೊಳ್ಳುವವರು ಯಾರು? ಗಾಬರಿ ಆಗಿ ಏನಾದರೂ ಆದರೆ?"

ಆ ಮಾತೂ ತಪ್ಪಾಗಿರಲಿಲ್ಲ. ಕೊನೆಗೆ ಅಳತೆ ನಡೆಯಲಿ, ತಟ್ಟುವುದನ್ನು ಮಾತ್ರ ಒಂದು ಓಣಿಯಲ್ಲಿ ನಿಲ್ಲಿಸಿ ನೋಡೋಣ ಎಂದಾಯಿತು. ಜಿನ್ನಿಂಗ್ ಓಣಿಯಲ್ಲಿ ಪಾರವ್ವನ ಮನೆ ಬಿಟ್ಟು ಉಳಿದ ನಾಲ್ಕು ಜಾಗಗಳಿಗೂ ಮುಂಚಿತವಾಗಿ ತಿಳಿಸಿದರು. ಕೆಲಸ ಬಿಟ್ಟುಹೋಗಿದ್ದ ಆಯಾಗಳನ್ನು ಕರೆಸಿದರು. ಬಿಡುವಿದ್ದ ತಾಯಂದಿರು ಬಂದರು. ಡಾ. ಯಾಸ್ಮಿನ್ ಮುಲ್ಲಾರೂ ಬರುತ್ತೇನೆಂದರು.

*

ಆ ದಿನ ಮುಂಜಾನೆ ಪಡಿಯಾರರು ನಿಯಂತ್ರಣ ಕೊಠಡಿಯಲ್ಲಿದ್ದರು. ಶಾಲ್ಮಲಾ ಮೊಬೈಲನ್ನು ಕಿವಿಗಿಟ್ಟು ಹೂಬಿಸಿಲಿನ ಗಾಜಿನ ಕಿಟಕಿಯ ಹೊರಗೆ ನಿಂತಿದ್ದಳು. ಪಕ್ಕದಲ್ಲಿ ಪ್ರಭು. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗಿಟ್ಟುಕೊಂಡ ನೀಲಿ ಅವನ ತೋಳಿನಲ್ಲಿದ್ದಳು. ಅವಳ ಗುಂಡನ್ನು ಹಿಂದಿನ ದಿನವೇ ಬಿಚ್ಚಿ, ಬರಿಯ ಕರಿದಾರ ಕಟ್ಟಿದ್ದರು. ಬಾಗಿಲ ಒಳಗೆ ಆಯಾಗಳು ಸಾಲಾಗಿ ನಿಂತಿದ್ದರು. ಒಬ್ಬಳು ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಎಲ್ಲಾರೂ ತಯಾರ ಅದಾರ್ರಿ," ಎಂದು ಶಾಲ್ಮಲಾ ಹೇಳಿದಳು.

"ಬಂದ್ ಮಾಡಿದೆ," ಎಂದರು ಪಡಿಯಾರರು.

ಕೋಣೆಯಲ್ಲಿ ಮಕ್ಕಳು ಆಡುತ್ತಲೇ ಇದ್ದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಬ್ಬ ಹುಡುಗಿಯ ಕೈಯಿಂದ ಇನ್ನೊಬ್ಬಳು ಗೊಂಬೆ ಕಿತ್ತುಕೊಂಡಳು. ಹುಡುಗಿಯ ಮುಖ ಮುದುಡಿತು. ಸೆರಗು ಬಿಗಿದ ಆಯಾ ಒಂದು ಹೆಜ್ಜೆ ಮುಂದಿಟ್ಟಳು. ಹುಡುಗಿ ಹೊಟ್ಟೆಯ ಕಡೆ ನೋಡಿಕೊಂಡಳು. ಕಾದಳು. ತಟ್ಟು ಬರಲಿಲ್ಲ. ಮತ್ತೂ ಕಾದಳು. ಆಮೇಲೆ ತನ್ನ ಬಲಗೈಯನ್ನು ಎತ್ತಿ ಹೊಟ್ಟೆಯ ಮೇಲಿಟ್ಟು, ತಾನೇ ತಟ್ಟಿಕೊಳ್ಳತೊಡಗಿದಳು.

ಮೂಲೆಯಲ್ಲಿದ್ದ ಸಣ್ಣ ಹುಡುಗನೊಬ್ಬ ಅದನ್ನು ನೋಡದೆಯೇ ಅದನ್ನೇ ಮಾಡಿದ. ಕಿಟಕಿಯ ಕೆಳಗಿದ್ದ ಮಗು ಮಾಡಿತು. ಒಂದೊಂದೇ ಮಗುವಿನ ಕೈ ಆಟಿಕೆ ಬಿಟ್ಟು ಹೊಟ್ಟೆಯ ಮೇಲೆ ಬಂತು. ಕೋಣೆ ತುಂಬ ಮಕ್ಕಳು, ಕುಳಿತಲ್ಲಿ, ನಿಂತಲ್ಲಿ, ತಮ್ಮನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಒಬ್ಬರ ಲಯ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಒಂದು ಮಗು ಒಂದೇ ಸಮ ತಟ್ಟುತ್ತಿತ್ತು. ಒಂದು ಮೂರು ತಟ್ಟಿ ಒಮ್ಮೆ ಸವರುತ್ತಿತ್ತು. ಈ ಲಯಗಳನ್ನೆಲ್ಲ ಶಾಲ್ಮಲಾ ಬಲ್ಲಳು. ಮುದ್ರಿಸುವಾಗ ಒಂದೊಂದನ್ನೂ ಕಿವಿಯಲ್ಲಿ ಕೇಳಿದ್ದಳು.

ಒಳಗಿದ್ದ ತಾಯಿಯೊಬ್ಬಳು ತನ್ನ ಮಗನ ಕೈಯನ್ನು ನೋಡುತ್ತ ನೆಲಕ್ಕೆ ಕುಸಿದು ಕುಳಿತಳು. ಅದು ಅವಳ ತಟ್ಟು. ಆಯಾಗಳು ಕೈ ಚಾಚಿಕೊಂಡು ನಿಂತೇ ಇದ್ದರು. ಡಾ. ಯಾಸ್ಮಿನ್ ಒಂದು ಮಗುವಿನ ಹಣೆ ಮುಟ್ಟಿ, ಬೆಚ್ಚಿ, ಕುತ್ತಿಗೆಗೆ ಕೈಯಿಟ್ಟು ನೋಡಿದರು. "ಈ ಕೂಸಿಗೆ ಸುಡು ಸುಡು ಜ್ವರ ಐತಿ," ಎಂದು ಕೂಗಿದರು. "ಯಾರಿಗೂ ಗೊತ್ತಿದ್ದಿಲ್ಲೇನು?"

ಒಬ್ಬ ಆಯಾ ಓಡಿಹೋಗಿ ಒದ್ದೆ ಬಟ್ಟೆ ತಂದಳು.

ಮೊಬೈಲಿನಲ್ಲಿ ಪಡಿಯಾರರ ದನಿ ಬಂತು. "ಶಾಲ್ಮಲಾ, ಅಲ್ಲಿ ಏನಾಗ್ತಾ ಉಂಟು? ಎಲ್ಲರೂ ಅಳ್ತಿದ್ದಾರಾ?"

"ಇಲ್ಲ, ಸರ್."

"ಮತ್ತೆ? ಇಲ್ಲಿ ಅಂಕ..." ಅವರು ತಡೆದರು. "ಅಂಕ ಏರುತ್ತಾ ಉಂಟು."

ಶಾಲ್ಮಲಾ ತಿರುಗಿ ಆಟೋ ನಿಲ್ದಾಣದ ಕಡೆ ನೋಡಿದಳು. ಫಲಕದಲ್ಲಿ ಹೂಬಿಸಿಲಿನ ಸಾಲು ತೊಂಬತ್ತೊಂಬತ್ತಕ್ಕೆ ಬಂದಿತ್ತು. ಲೆಕ್ಕ ಸರಿಯಾಗಿಯೇ ಇತ್ತು. ಯಾರೂ ಅಳುತ್ತಿರಲಿಲ್ಲ, ಗುಂಡುಗಳೂ ತಟ್ಟುತ್ತಿರಲಿಲ್ಲ. ಅವಳೇ ಕಟ್ಟಿದ ಲೆಕ್ಕ. ನೋಡುತ್ತಿದ್ದಂತೆ ಅದು ನೂರಾಯಿತು. ಆಟೋದವನೊಬ್ಬ ಪಕ್ಕದವನಿಗೆ, "ನೂರಕ್ಕ ನೂರಲೇ!" ಎಂದು ತೋರಿಸಿದ.

"ಶಾಲೂ," ಎಂದ ಪ್ರಭು, ಮೆಲ್ಲಗೆ.

ನೀಲಿ ಅಪ್ಪನ ತೋಳಿನಲ್ಲಿ ಕುಳಿತು, ಚೆನ್ನಾಗಿದ್ದ ಕೈಯಿಂದ ಹೊಟ್ಟೆ ತಟ್ಟಿಕೊಳ್ಳುತ್ತಿದ್ದಳು. ಎರಡು ಚುರುಕು, ಒಂದು ನಿಧಾನ.

"ಕೈ ನೋಯಾಕ ಹತ್ತೇತೇನವ್ವ?" ಶಾಲ್ಮಲಾ ಕೇಳಿದಳು.

ನೀಲಿ ಹೌದೆಂದು ತಲೆಯಾಡಿಸಿದಳು.

"ಮತ್ತ ಅವ್ವಗ ಯಾಕ ಹೇಳಲಿಲ್ಲ?"

ನೀಲಿಗೆ ಪ್ರಶ್ನೆ ತಿಳಿಯಲಿಲ್ಲ. ತಾಯಿಗೆ ಸಮಾಧಾನ ಹೇಳುವವಳಂತೆ, "ತಡಿ, ತಟ್ಟತೈತಿ," ಎಂದಳು.

ಆಗ ಹಿಂದಿನ ಸಂದಿಯಿಂದ ಒಂದು ಅಳು ಕೇಳಿಸಿತು. ಗಂಟಲು ಹರಿಯುವಂಥ, ಉಸಿರು ಕಟ್ಟಿ ಮತ್ತೆ ಏಳುವ ಅಳು. ಓಣಿಯಲ್ಲಿ ಅದೊಂದೇ ಸದ್ದು. ಶಾಲ್ಮಲಾ ಮಗಳನ್ನು ಗಂಡನ ತೋಳಿನಿಂದ ಎತ್ತಿಕೊಂಡು ಆ ಕಡೆ ಓಡಿದಳು.

ಪಾರವ್ವನ ಮನೆಯಲ್ಲಿ ಎರಡು ವರ್ಷದ ಹುಡುಗಿಯೊಬ್ಬಳು ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿದ್ದಳು. ಕೈಯಲ್ಲಿ ಎರಡು ತುಂಡಾದ ಬಿಸ್ಕಿಟ್.

"ಇಡೀ ಬಿಸ್ಕಿಟ್ ಬೇಕಂತ್ರಿ ಈ ಹಡಬಿಟ್ಟಿಗೆ," ಎಂದು ಪಾರವ್ವ ಕೂಗಿ ಹೇಳಿದಳು. "ಮುರದದ್ದು ಒಲ್ಲಂತ. ಇನ್ನೊಂದು ಕೊಟ್ರ ಅದೂ ಒಲ್ಲಂತ, ಇದನ್ನ ಜೋಡಸಿ ಕೊಡಬೇಕಂತ! ಬಾಯಾರ, ನೂರು ಬಂತಲ್ರಿ ಅವರಿಗೆ? ನಿಮ್ಮ ಕೈ ಮುಗೀತೀನಿ, ನನಗೂ ಆ ಗುಂಡು ತಟ್ಟೂ ಹಂಗ ಮಾಡಿ ಕೊಡ್ರಿ. ಗೋಡಿಗೆ ತೂತು ಹಾಕಸ್ತೀನಿ ಬೇಕಾರ."

ಶಾಲ್ಮಲಾ ನೀಲಿಯನ್ನು ಆ ಹುಡುಗಿಯ ಎದುರಿಗೆ ಕೂರಿಸಿದಳು. ಒಂದೂವರೆ ವರ್ಷದವಳಿದ್ದಾಗ ಇದೇ ಗೋಡೆಗಳ ನಡುವೆ ನೀಲಿ ಅತ್ತಿದ್ದಳು. ಆ ಅಳುವನ್ನು ಕಂಡೇ ಅವಳನ್ನು ಇಲ್ಲಿಂದ ಎತ್ತಿಕೊಂಡು ಹೋಗಿದ್ದರು.

ನೀಲಿ ತಟ್ಟಿಕೊಳ್ಳುವುದನ್ನು ನಿಲ್ಲಿಸಿ ಹುಡುಗಿಯನ್ನು ನೋಡಿದಳು. ಬಿಸ್ಕಿಟನ್ನು ನೋಡಿದಳು. ಆಮೇಲೆ ತೆರೆದ ಬಾಯಿ, ಒದ್ದೆಯಾದ ಗಲ್ಲ, ನಡುಗುವ ನಾಲಿಗೆ ಇವನ್ನು ಹೊಸ ಆಟಿಕೆ ನೋಡುವಂತೆ ಹತ್ತಿರದಿಂದ ನೋಡಿದಳು. ಪ್ಲಾಸ್ಟರ್ ಹಾಕಿದ ಕೈ ಎಲ್ಲೋ ತಾಗಿತು. ಅವಳ ಹುಬ್ಬು ಗಂಟಾಯಿತು. ಕೈ ಹೊಟ್ಟೆಯ ಕಡೆ ಹೋಗಿ ಅರ್ಧದಲ್ಲಿ ನಿಂತಿತು.

ಎದುರಿಗಿದ್ದವಳು ತೆರೆದಂತೆಯೇ ನೀಲಿಯೂ ಬಾಯಿ ತೆರೆದಳು. ಅಷ್ಟೇ ಅಗಲವಾಗಿ ತೆರೆದಳು. ಕುತ್ತಿಗೆಯ ನರ ಉಬ್ಬಿತು. ಮುಖ ಕೆಂಪಾಯಿತು.

ಸದ್ದು ಬರಲಿಲ್ಲ.

ಹಿಂದೆಯೇ ಬಂದ ಪ್ರಭು ಬಾಗಿಲಲ್ಲಿ ನಿಂತ. ಪಾರವ್ವ ಎದ್ದು ಹೋಗಿ ಟಿವಿ ಆರಿಸಿದಳು. ಶಾಲ್ಮಲಾ ಮಗಳ ಎದುರಿಗೆ ಮೊಣಕಾಲೂರಿ, ಆ ತೆರೆದ ಬಾಯಿಗೆ ಕಿವಿ ಹತ್ತಿರ ತಂದಳು. ತಟ್ಟಲು ತಾನಾಗಿಯೇ ಮುಂದೆ ಹೋಗುತ್ತಿದ್ದ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, ಕಾದಳು.